ಅಜ್ಜಿಯ ಸೀರೆಯ ಕೆಂಪು ಎಲ್ಲಿ ಹೋಯ್ತು? ಮನೆಯೊಳಗಿನ ಫೋಟೋಗೆ ಕಡಿಮೆ ಖರ್ಚಿನ ಬೆಳಕು

ಈ ಸಲ ಪ್ರಯೋಗಾಲಯ ಬಿಟ್ಟು ಮನೆಯ ಊಟದ ಮೇಜಿನ ಮೇಲೆ ಒಂದು ಪ್ರಯೋಗ ಮಾಡೋಣ. ಪ್ರಶ್ನೆ ಸರಳ: ಮನೆಯೊಳಗೆ ಫೋಟೋ ತೆಗೆಯೋಕೆ ಹೆಚ್ಚು ದುಡ್ಡು ಸುರಿಯದೆ ಎಂಥ ದೀಪ ಕೊಳ್ಳಬೇಕು? ಫ್ಲ್ಯಾಶ್ ಅಲ್ಲ, ಒಂದೇ ಸಮನೆ ಉರಿಯುವ ದೀಪ.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್‌ನಲ್ಲಿ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಬೆಳಗ್ಗೆ ಸುಮಾರು 8.45, ಮುಳುಗುವಾಗ ಸಂಜೆ 4.30. ಕೆಲಸಕ್ಕೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಅಂಥ ಒಂದು ಚಳಿಗಾಲದಲ್ಲಿ ನಮ್ಮ ಅಜ್ಜಿಯ ಇಳಕಲ್ ಸೀರೆ ನಮ್ಮ ಕೈಗೆ ಬಂತು. ಮಡಿಕೆಗಳಲ್ಲಿ ಎಳೆ ಬಿಡ್ತಾ ಇತ್ತು. ಇನ್ನಷ್ಟು ಹಾಳಾಗೋ ಮೊದಲು ಚೆನ್ನಾಗಿ ಫೋಟೋ ತೆಗೆದು, ಮನೆಮಂದಿಗೆಲ್ಲ ಕಳಿಸೋಣ ಅಂದುಕೊಂಡೆವು. ಛಾವಣಿಯ ಬಲ್ಬ್ ಹಾಕಿ ಮೊಬೈಲಲ್ಲಿ ಕ್ಲಿಕ್ ಮಾಡಿ ಧಾರವಾಡಕ್ಕೆ ಕಳಿಸಿದೆವು. ಅಮ್ಮನ ಉತ್ತರ: "ಇದು ಅವ್ವನ ಸೀರಿ ಹೌದೇನು? ಸೆರಗು ಹಿಂಗ್ಯಾಕ ಇಟ್ಟಂಗಿ ಬಣ್ಣ ಆಗೇತಿ?"

ಎದುರಿಗಿದ್ದ ಸೀರೆಯ ಟೋಪ ತೆನಿ ಸೆರಗು ಹಗಲಲ್ಲಿ ನೋಡಿದರೆ ಗಾಢ ಕೆಂಪು. ಫೋಟೋದಲ್ಲಿ ಮಾತ್ರ ಮಂಕು ಕಂದು. ಮೊಬೈಲಲ್ಲೇ ಕೆಂಪು ಹೆಚ್ಚಿಸಿ ನೋಡಿದೆವು. ಸೆರಗಿನ ಬಿಳಿ ತೆನೆಗಳೂ ಗುಲಾಬಿಯಾದವು! ತಪ್ಪು ಕ್ಯಾಮೆರಾದ್ದಲ್ಲ, ಬೆಳಕಿನದು.

ಇಂದಿನ ಬಿಳಿ ಎಲ್‌ಇಡಿ ಒಳಗೆ ಸಾಮಾನ್ಯವಾಗಿ ಇರುವುದು ನೀಲಿ ಬೆಳಕು ಸೂಸುವ ಚಿಪ್. ಈ ನೀಲಿ ಎಲ್‌ಇಡಿಗಾಗಿಯೇ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಾಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಚಿಪ್ಪಿನ ಮೇಲೆ ಬಳಿದ ಫಾಸ್ಫರ್ ಆ ನೀಲಿಯ ಒಂದು ಪಾಲನ್ನು ಹಳದಿಯಾಗಿ ಬದಲಿಸುತ್ತೆ. ಎರಡೂ ಬೆರೆತಾಗ ಕಣ್ಣಿಗೆ ಬಿಳಿ. ಆದರೆ ಅಗ್ಗದ ಬಲ್ಬ್‌ಗಳಲ್ಲಿ ಗಾಢ ಕೆಂಪಿನ ಪಾಲು ಬಹಳ ಕಡಿಮೆ. ಸೆರಗು ತಾನಾಗಿ ಕೆಂಪು ಹುಟ್ಟಿಸೋದಿಲ್ಲ, ತನ್ನ ಮೇಲೆ ಬಿದ್ದ ಕೆಂಪನ್ನು ಹಿಂದಕ್ಕೆ ಕಳಿಸುತ್ತೆ, ಅಷ್ಟೇ. ಬಾವಿಯಲ್ಲೇ ನೀರಿಲ್ಲದಿದ್ದರೆ ಕೊಡಕ್ಕೆಲ್ಲಿಂದ ಬರಬೇಕು?

ಹಾಗಾಗಿ ಮೊದಲ ಪಾಠ: ದುಡ್ಡು ಕೊಡಬೇಕಾದ್ದು ಬಣ್ಣಕ್ಕೆ. ಬಲ್ಬ್ ಡಬ್ಬಿಯ ಮೇಲೆ ಸಿಆರ್‌ಐ ಅಥವಾ ಆರ್‌ಎ ಎಂಬ ಅಂಕಿ ಹುಡುಕಿ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋದಕ್ಕೆ 100ಕ್ಕೆ ಇಷ್ಟು ಎಂಬ ಲೆಕ್ಕ ಅದು. ಮನೆಬಳಕೆಯ ಬಲ್ಬ್‌ಗಳು ಸಾಮಾನ್ಯವಾಗಿ 80. ನಮಗೆ ಬೇಕಾದ್ದು 90ಕ್ಕಿಂತ ಮೇಲೆ. ಇದರಲ್ಲೊಂದು ಮೋಸವಿದೆ: ಈ ಅಂಕಿ ಎಂಟು ತೆಳು ಬಣ್ಣಗಳ ಸರಾಸರಿ. ಗಾಢ ಕೆಂಪು ಒಂಬತ್ತನೆಯದು, ಆರ್9, ಅದು ಸರಾಸರಿಗೆ ಸೇರೋದೇ ಇಲ್ಲ! ಇಳಕಲ್ ಸೆರಗು, ಕುಂಕುಮ, ಟೊಮೇಟೊ ಸಾರು, ನಮ್ಮ ಮೈಬಣ್ಣದೊಳಗಿನ ಕೆಂಪು, ಎಲ್ಲವೂ ಆ ಒಂಬತ್ತನೆಯದನ್ನೇ ನೆಚ್ಚಿಕೊಂಡಿವೆ.

ಯುರೋಪಿನಲ್ಲಿರುವವರಿಗೆ ಒಂದು ಅನುಕೂಲ. ಡಬ್ಬಿಯ ಮೇಲಿನ ಇಂಧನ ಲೇಬಲ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಉತ್ಪನ್ನದ ಮಾಹಿತಿ ಹಾಳೆಯಲ್ಲಿ ಎಲ್‌ಇಡಿಯ ಆರ್9 ಅಂಕಿ ಸಿಗುತ್ತೆ. 50ಕ್ಕಿಂತ ಮೇಲಿದ್ದರೆ ನಮ್ಮ ಕೆಲಸಕ್ಕೆ ಸಾಕು. ಕೆಲವು ದೀಪಗಳ ಮೇಲೆ 940 ಎಂಬಂಥ ಮೂರಂಕಿ ಗುರುತಿರುತ್ತೆ: 9 ಅಂದರೆ ಸಿಆರ್‌ಐ 90ರ ಸಾಲು, 40 ಅಂದರೆ 4000 ಕೆಲ್ವಿನ್.

ಎರಡನೇ ಪಾಠ: ಹೊಳಪನ್ನು ಕೊಳ್ಳಬೇಕಿಲ್ಲ, ಸಮಯದಿಂದ ಪಡೆಯಬಹುದು. ಮುಚ್ಚಳವಿಲ್ಲದ 1500 ಲ್ಯೂಮೆನ್ ಬಲ್ಬ್ ಒಂದು ಮೀಟರ್ ದೂರದಲ್ಲಿ ಕೊಡೋದು ಸುಮಾರು 120 ಲಕ್ಸ್. ಎರಡು ಮೀಟರ್‌ಗೆ ಹೋದರೆ 30. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ಅಂದಮೇಲೆ ದೀಪವನ್ನು ಹತ್ತಿರ ಎಳೆದುಕೊಳ್ಳೋದೇ ಪುಕ್ಕಟೆಯ ಮೊದಲ ಉಪಾಯ. ಇನ್ನು ಸೀರೆ ಓಡಿಹೋಗೋದಿಲ್ಲವಲ್ಲ! ಮೊಬೈಲನ್ನು ಸ್ಟ್ಯಾಂಡ್‌ಗೆ ಕಟ್ಟಿ, ಟೈಮರ್ ಇಟ್ಟು, ಶಟರನ್ನು 1/100 ಸೆಕೆಂಡ್ ಬದಲು 1/4 ಸೆಕೆಂಡ್ ತೆರೆದಿಟ್ಟರೆ 25 ಪಟ್ಟು ಬೆಳಕು ಒಳಗೆ ಬರುತ್ತೆ. ಓಡಾಡುವ ಮಕ್ಕಳ ಫೋಟೋಗೆ ಈ ಉಪಾಯ ನಡೆಯಲ್ಲ. ಅದಕ್ಕೆ ದೊಡ್ಡ ಎಲ್‌ಇಡಿ ಪ್ಯಾನೆಲ್‌ಗೆ ಖರ್ಚು ಮಾಡಬೇಕಾದೀತು. ಹಾಗಾಗಿ ಅಂಗಡಿಗೆ ಹೋಗೋ ಮೊದಲು ಕೇಳಿಕೊಳ್ಳಿ: ನಾವು ತೆಗೆಯೋ ವಸ್ತು ಅಲುಗಾಡುತ್ತಾ?

ದೀಪ ಮಿಣುಕುತ್ತಾ ಅನ್ನೋದನ್ನೂ ನೋಡಿ. ಇಲ್ಲೂ ಭಾರತದಲ್ಲೂ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಕಳಪೆ ಬಲ್ಬ್ ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಕಣ್ಣಿಗೆ ಕಾಣಲ್ಲ, ಆದರೆ ಫೋಟೋದಲ್ಲಿ ಪಟ್ಟೆ ಬರುತ್ತೆ. ಮೊಬೈಲ್‌ನ ಸ್ಲೋ ಮೋಷನ್ ವಿಡಿಯೋದಲ್ಲಿ ಬಲ್ಬ್ ನೋಡಿದರೆ ಗುಟ್ಟು ರಟ್ಟು. ಶಟರ್ 1/100, 1/50 ಅಥವಾ ಇನ್ನೂ ನಿಧಾನ ಇಡಿ. ಅಮೆರಿಕದಲ್ಲಿರುವವರು, ನಿಮ್ಮದು 60 ಹರ್ಟ್ಸ್: 1/120 ಅಥವಾ 1/60.

ಮೂರನೇ ಪಾಠ: ನೆರಳು ಮೆದುವಾಗಬೇಕಾದರೆ ಬೆಳಕಿನ ಮೂಲ ದೊಡ್ಡದಾಗಿ ಕಾಣಬೇಕು. ಬಿಸಿಲಲ್ಲಿ ನೆರಳು ಚೂಪು, ಯಾಕೆಂದರೆ ಸೂರ್ಯ ನಮಗೆ ಚಿಕ್ಕ ಬಿಲ್ಲೆ. ಮೋಡ ಕವಿದರೆ ಇಡೀ ಆಕಾಶವೇ ದೀಪ. ಟಿಲ್‌ಬರ್ಗ್ ಒಂದು ಕಾಲಕ್ಕೆ ಉಣ್ಣೆ ಬಟ್ಟೆಯ ಊರು. ಇಲ್ಲಿನ ಹಳೆಯ ಉಣ್ಣೆ ನೂಲುವ ಗಿರಣಿಯೊಂದು 1992ರಿಂದ ಡೆ ಪಾಂಟ್ ಕಲಾ ಸಂಗ್ರಹಾಲಯ. ಚಾವಣಿಯ ಗಾಜಿನಿಂದ ಹರಡಿ ಇಳಿಯುವ ಹಗಲ ಬೆಳಕಲ್ಲೇ ಅಲ್ಲಿ ಚಿತ್ರಗಳನ್ನು ನೋಡಬಹುದು. ನಮ್ಮ ಮನೆಯಲ್ಲಿ ಅಂಥ ಚಾವಣಿ ಎಲ್ಲಿಂದ ಬರಬೇಕು? ಬಿಳಿ ಬೆಡ್‌ಶೀಟ್ ಇದೆಯಲ್ಲ!

ನಮ್ಮ ವ್ಯವಸ್ಥೆ ಇಷ್ಟೇ: ಎರಡು ಟೇಬಲ್ ಲ್ಯಾಂಪ್, ಒಂದೇ ಬಗೆಯ ಎರಡು 940 ಬಲ್ಬ್, ಎರಡೂ ಬದಿ ತೂಗುಹಾಕಿದ ಬೆಡ್‌ಶೀಟ್, ಒಂದು ಮೊಬೈಲ್ ಸ್ಟ್ಯಾಂಡ್. ಲ್ಯಾಂಪ್ ಮನೆಯಲ್ಲೇ ಇದ್ದವು, ಉಳಿದದ್ದಕ್ಕೆ 40 ಯುರೋ ದಾಟಲಿಲ್ಲ. ಸೀರೆಯ ಎಡ ಬಲಕ್ಕೆ 45 ಡಿಗ್ರಿ ಕೋನದಲ್ಲಿ ದೀಪಗಳು. ಬಟ್ಟೆ ಬಲ್ಬ್‌ಗೆ ತಾಗಬಾರದು, ಒಂದೆರಡು ಗೇಣು ದೂರವಿರಲಿ. ಬಣ್ಣ ಬೆರೆಯದ ಹಾಗೆ ಕೋಣೆಯ ಬೇರೆ ದೀಪಗಳನ್ನೆಲ್ಲ ಆರಿಸಿ. ಮೊದಲು ಒಂದು ಬಿಳಿ ಕಾಗದ ಇಟ್ಟು ವೈಟ್ ಬ್ಯಾಲೆನ್ಸ್ ಹೊಂದಿಸಿ. ನೇಯ್ಗೆ ಕಾಣಬೇಕೆಂದರೆ ಒಂದು ದೀಪ ಆರಿಸಿ, ಇನ್ನೊಂದನ್ನು ಬಟ್ಟೆಯ ಮಟ್ಟಕ್ಕೆ ಇಳಿಸಿ. ಪ್ರತಿ ಎಳೆಗೂ ಅದರದೇ ನೆರಳು ಬೀಳುತ್ತೆ. ಹಳೆಯ ಬಣ್ಣವನ್ನು ಬೆಳಕೇ ಮಾಸಿಸುತ್ತೆ, ಹಾಗಾಗಿ ಕೆಲಸ ಮುಗಿದ ಕೂಡಲೇ ದೀಪ ಆರಿಸಿ.

ಎರಡನೇ ಫೋಟೋ ಕಳಿಸಿದ ಮೇಲೆ ಅಮ್ಮನ ಫೋನ್ ಬಂತು: "ಈಗ ಹೌದು ನೋಡು, ಇದ ಅವ್ವನ ಸೆರಗು. ಅಂಚಿನ್ಯಾಗ ಹರದದ್ದೂ ಕಾಣಾಕತ್ತೈತಿ. ಹೊಲಿಸಬ್ಯಾಡ, ಹಂಗ ಇರ್ಲಿ."

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಹಳೆಯ ಬಟ್ಟೆಯೋ ಪತ್ರವೋ ಇರಬಹುದು. ಈ ವಾರ ಅದನ್ನು ಎರಡು ಬಲ್ಬ್‌ಗಳಲ್ಲಿ, ಒಂದು 80, ಒಂದು 90, ಉಳಿದದ್ದೇನೂ ಬದಲಿಸದೆ ತೆಗೆದು ನೋಡಿ. ಪಕ್ಕಪಕ್ಕ ಇಟ್ಟಾಗ ಏನು ಕಂಡಿತು ಅಂತ ನಮಗೆ ಬರೆದು ತಿಳಿಸಿ.