1868ರ ಸೂರ್ಯಗ್ರಹಣ: ಕನ್ನಡ ನಾಡಿಗೆ ಬಂದ ವಿಜ್ಞಾನ ಯಾತ್ರೆಗಳು

ಹೀಲಿಯಂ ಪತ್ತೆ ಎಂದೊಡನೆ ಗುಂಟೂರು ನೆನಪಾಗುತ್ತದೆ. ಕನ್ನಡ ನಾಡಿನ ಪರೀಕ್ಷಾರ್ಥಿಗಳು ಅದರ ಜೊತೆಗೆ ಜಮಖಂಡಿಯನ್ನೂ ಹೆಮ್ಮೆಯಿಂದ ನೆನಪಿಡಬೇಕು.

ಹಿನ್ನೆಲೆ: 1868ರ ಆಗಸ್ಟ್ 18ರಂದು ಖಗ್ರಾಸ ಗ್ರಹಣದ ನೆರಳು ದಕ್ಷಿಣ ಭಾರತವನ್ನು ಹಾದುಹೋಯಿತು. ಗ್ರಹಣವನ್ನು ರೋಹಿತದರ್ಶಕದಿಂದ ನೋಡಲು ಯುರೋಪಿನ ರಾಷ್ಟ್ರಗಳು ಪೈಪೋಟಿಗಿಳಿದವು.

ತಂಡಗಳು
- ಫ್ರಾನ್ಸ್: ಪಿಯರ್ ಜಾನ್ಸೆನ್ – ಗುಂಟೂರು
- ಬ್ರಿಟನ್: ಮೇಜರ್ ಟೆನೆಂಟ್ – ಗುಂಟೂರು, ಲೆಫ್ಟಿನೆಂಟ್ ಜಾನ್ ಹರ್ಷೆಲ್ – ಜಮಖಂಡಿ (ಇಂದಿನ ಬಾಗಲಕೋಟೆ ಜಿಲ್ಲೆ)
- ಉತ್ತರ ಜರ್ಮನಿ: ಸ್ಪೋರರ್ ಮತ್ತಿತರರು – ಮುಳವಾಡ (ವಿಜಯಪುರ ಸೀಮೆ)

ಫಲಿತಾಂಶ
- ಮೋಡಗಳ ನಡುವೆಯೂ ಹರ್ಷೆಲ್ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡರು. ಸೂರ್ಯನ ಜ್ವಾಲೆಗಳು ಕಾದ ಅನಿಲ ಎಂಬುದು ಖಚಿತವಾಯಿತು.
- ಮರುದಿನ ಗ್ರಹಣವಿಲ್ಲದೆಯೂ ಜಾನ್ಸೆನ್ ಆ ಗೆರೆಗಳನ್ನು ನೋಡಿದರು.
- ಅಕ್ಟೋಬರ್ 20ರಂದು ನಾರ್ಮನ್ ಲಾಕಿಯರ್ ಇಂಗ್ಲೆಂಡಿನಲ್ಲಿ ಅದನ್ನೇ ಸ್ವತಂತ್ರವಾಗಿ ಸಾಧಿಸಿದರು. ಫ್ರಾನ್ಸ್ ಇಬ್ಬರ ಮುಖವಿರುವ ಪದಕ ಹೊರಡಿಸಿತು.
- ಸೂರ್ಯನ ಜ್ವಾಲೆಗಳ ರೋಹಿತದಲ್ಲಿ ಕಂಡ, ಸೋಡಿಯಂಗೆ ಹೊಂದದ ಹಳದಿ ಗೆರೆ (ಸುಮಾರು 587.6 ನ್ಯಾನೊಮೀಟರ್) ಹೀಲಿಯಂನದು. 1895ರಲ್ಲಿ ವಿಲಿಯಂ ರಾಮ್ಸೆ ಅದನ್ನು ಭೂಮಿಯ ಖನಿಜದಿಂದ ಬೇರ್ಪಡಿಸಿದರು.

ಮುಂದುವರಿಕೆ: 1871ರ ಡಿಸೆಂಬರ್ 12ರ ಗ್ರಹಣವನ್ನು ಲಾಕಿಯರ್ ನೋಡಿದ್ದು ಕಾಸರಗೋಡಿನ ಬೇಕಲ ಕೋಟೆಯಿಂದ, ಜಾನ್ಸೆನ್ ನೀಲಗಿರಿಯಿಂದ.

ಎಚ್ಚರಿಕೆ: ಜಮಖಂಡಿಯ ಜಾನ್ ಹರ್ಷೆಲ್, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ಈ ಮೊಮ್ಮಗನ ತಂದೆಯ ಹೆಸರೂ ಜಾನ್. ಹೊಂದಿಸಿ ಬರೆಯುವ ಪ್ರಶ್ನೆಗಳಲ್ಲಿ ಈ ಮೂವರನ್ನು ಬೆರೆಸಬೇಡಿ.