ಮಳೆಯಿಲ್ಲದ ಊರಿಗೆ ನೆರೆ
ಪ್ರಶ್ನೆ: ಚಿಕ್ಕೋಡಿ ಭಾಗದ ಊರಲ್ಲಿ ಮಳೆ ಕಡಿಮೆ, ಆದರೂ ಕೃಷ್ಣೆ ಹೊಲಕ್ಕೆ ನುಗ್ಗುತ್ತದೆ. ಮೊದಲೇ ತಿಳಿಯುವುದು ಹೇಗೆ?

ಉತ್ತರ: ಕೃಷ್ಣೆಯ ನೆರೆ ನಿರ್ಧಾರವಾಗುವುದು ಮಹಾಬಳೇಶ್ವರ, ಕೊಯ್ನಾ ಕಡೆಯ ಘಟ್ಟದ ಮಳೆಯಿಂದ. ಜೂನ್‌ನ ಒಣ ಮಣ್ಣು ನೀರನ್ನು ಹೀರಿಕೊಳ್ಳುತ್ತದೆ. ಆಗಸ್ಟ್ ಹೊತ್ತಿಗೆ ನೆಲ ನೆನೆದು ಜಲಾಶಯಗಳು ತುಂಬಿರುವುದರಿಂದ ಅಷ್ಟೇ ಮಳೆ ನೇರವಾಗಿ ಹೊಳೆಗಿಳಿಯುತ್ತದೆ. ಪಂಚಗಂಗಾ, ದೂಧಗಂಗಾ ಉಪನದಿಗಳೂ ಒಟ್ಟಿಗೆ ಉಕ್ಕಿದರೆ 2019ರ ಆಗಸ್ಟ್‌ನ ಭಾರಿ ನೆರೆಯಂಥ ಸ್ಥಿತಿ ಬರುತ್ತದೆ. ಆದ್ದರಿಂದ ಊರಿನ ಮೋಡಕ್ಕಿಂತ ಕೊಯ್ನಾ ಅಣೆಕಟ್ಟೆಯ ಹೊರಹರಿವು, ಕೃಷ್ಣೆಯ ಮೇಲಿನ ರಾಜಾಪುರ ಬ್ಯಾರೇಜಿನ ಕ್ಯೂಸೆಕ್ ಲೆಕ್ಕವನ್ನು ಮಳೆಗಾಲದಲ್ಲಿ ದಿನವೂ ಗಮನಿಸಬೇಕು. ಅದು ಏರುತ್ತಿದ್ದರೆ ಮೊದಲು ದನಕರು, ಆಮೇಲೆ ಪಂಪ್‌ಸೆಟ್ಟು ಎತ್ತರದ ಜಾಗಕ್ಕೆ ಹೋಗಬೇಕು. ನೀರು ದಂಡೆ ಮುಟ್ಟುವ ತನಕ ಕಾಯುವುದು ಅಪಾಯ. ನೆರೆಯಲ್ಲಿ ನೆನೆದ ಮಣ್ಣಿನ ಗೋಡೆಯ ಮನೆಯಲ್ಲಿ ಎಂಜಿನಿಯರ್ ಪರಿಶೀಲಿಸುವ ಮುನ್ನ ಮಲಗಬಾರದು. ಬೆಳೆಹಾನಿಯನ್ನು ಫೋಟೊ ಸಹಿತ ಗ್ರಾಮ ಆಡಳಿತಾಧಿಕಾರಿಗೆ ತಡಮಾಡದೆ ತಿಳಿಸಬೇಕು.