ಕರ್ಚಿಕಾಯಿಗೆ ಹಿತ್ತಿಲಲ್ಲಿ ಒಂದು ಮೂಲೆ

ಶ್ರಾವಣ ಮುಗಿದು ಭಾದ್ರಪದ ಹಿಡಿಯಿತೆಂದರೆ ನಿಲಂಗಾ, ಉಮರ್ಗಾ, ಉದಗೀರ ಕಡೆಯ ಸಂತೆಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಗೋಣಿತಾಟು ಹಾಸಿಕೊಂಡು ಸಣ್ಣ ಹಸಿರು ಕಾಯಿಗಳ ಗುಂಪೆ ಹಾಕಿ ಕೂಡುತ್ತಾರೆ. ಬೆರಳ ತುದಿಯಷ್ಟೇ ಗಾತ್ರ, ತೊಟ್ಟಿನ ಕಡೆ ಸಪೂರ, ಮೈತುಂಬ ಎದ್ದುಕಾಣುವ ಏಣುಗಳು. ಮರಾಠಿ ಗಿರಾಕಿ ಕಡವಂಚಿ ಎಂದು ಕೇಳುತ್ತಾನೆ, ಕನ್ನಡದವನು ಕರ್ಚಿಕಾಯಿ ಎಂದು. 1956ರ ತನಕ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು, ಹಾಗಾಗಿ ಮಾರುವಾಕೆಗೆ ಎರಡೂ ಹೆಸರು ಬಾಯಿಪಾಠ. ಹಬ್ಬಕ್ಕೆ ಕರಿಯುವ ಸಿಹಿ ಕರ್ಚಿಕಾಯಿ ಬೇರೆ, ಇದು ಹಾಗಲದ ಜಾತಿಯ ಬಳ್ಳಿಯ ಕಾಯಿ. ಶಾಸ್ತ್ರದಲ್ಲಿ ಮೊಮೊರ್ಡಿಕಾ ಸಿಂಬಲೇರಿಯಾ ಎನ್ನುತ್ತಾರೆ.

ಇದನ್ನು ಬಿತ್ತಿ ಬೆಳೆದವರು ನಮ್ಮಲ್ಲಿ ಕಡಿಮೆ. ಎರಿ ಹೊಲದಲ್ಲಿ, ಬದುವಿನ ಮೇಲೆ, ತೊಗರಿ ಸಾಲಿನ ನಡುವೆ ತಾನಾಗಿ ಹುಟ್ಟುತ್ತಿದ್ದ ಕಳೆ ಇದು. ಮಹಾರಾಷ್ಟ್ರದ ಈ ಭಾಗ, ಉತ್ತರ ಕರ್ನಾಟಕ, ಆಂಧ್ರದ ರಾಯಲಸೀಮೆ, ತಮಿಳುನಾಡಿನ ಕರಿಮಣ್ಣಿನ ಸೀಮೆ, ಎಲ್ಲ ಕಡೆಯೂ ಅದರ ನೆಲೆ ಹೊಲವೇ. ನೆಲದೊಳಗೆ ಗಡ್ಡೆ ಇರುತ್ತದೆ. ಎತ್ತಿನ ಕುಂಟೆ ಮೇಲಿನ ಕುಡಿಯನ್ನಷ್ಟೇ ಕತ್ತರಿಸುತ್ತಿತ್ತು, ಗಡ್ಡೆ ಮತ್ತೆ ಚಿಗುರುತ್ತಿತ್ತು. ಈಗ ಹೊಲದ ತುಂಬ ಸೋಯಾ. ಬಿತ್ತಿದ ಹದಿನೈದು ಇಪ್ಪತ್ತು ದಿನಕ್ಕೆ ಕಳೆನಾಶಕ ಹೊಡೆಯುವ ರೂಢಿ, ಈ ಬಳ್ಳಿ ಕುಡಿ ಚಾಚುವುದೂ ಅದೇ ಹೊತ್ತಿಗೆ. ಇದರ ಮೇಲೆ ಟ್ರ್ಯಾಕ್ಟರಿನ ಆಳ ಉಳುಮೆ, ಅಗಲ ಕಿರಿದಾದ ಬದು. ಉಳಿದ ಬಳ್ಳಿಯ ಕಾಯಿಯನ್ನೂ ಔಷಧಿ ಹೊಡೆದ ಹೊಲದ ಅಂಚಿನಿಂದ ಕಿತ್ತು ತಿನ್ನುವುದು ನನ್ನ ಮಟ್ಟಿಗೆ ಜಾಣತನವಲ್ಲ. ಅದಕ್ಕೇ ಹೇಳುವುದು: ಗಡ್ಡೆಯನ್ನು ಮನೆಯ ಹಿತ್ತಿಲಿಗೆ ತನ್ನಿ.

ಗಡ್ಡೆಯೇ ಏಕೆ ಎಂದರೆ, ಬೀಜವನ್ನು ನಂಬುವಂತಿಲ್ಲ. ಸಿಪ್ಪೆ ಗಟ್ಟಿ, ಮೊಳಕೆ ಕಡಿಮೆ, ಬಂದರೂ ಒಟ್ಟಿಗೆ ಬರುವುದಿಲ್ಲ. ಬೀಜದಂಗಡಿಯಲ್ಲಿ ಇದರ ಪಾಕೀಟು ಸಿಗುವುದೂ ವಿರಳ. ಗಡ್ಡೆ ಹುಡುಕುವ ಕೆಲಸವನ್ನು ದಸರೆಯ ಆಸುಪಾಸಿನಲ್ಲೇ ಶುರುಮಾಡಬೇಕು, ಬಳ್ಳಿಯಲ್ಲಿ ಕಾಯಿ ಇರುವಾಗ. ನಿಮ್ಮದೋ ನೆರೆಯವರದೋ ಬದುವಿನ ಮೇಲೆ ಒಳ್ಳೆ ಕಾಯಿ ಹಿಡಿದ ಬಳ್ಳಿ ಕಂಡರೆ ಬುಡಕ್ಕೊಂದು ಗೂಟ ನೆಡಿ. ಚಳಿಗಾಲಕ್ಕೆ ಬಳ್ಳಿ ಒಣಗಿ ಗಾಳಿಗೆ ಹಾರಿಹೋಗುತ್ತದೆ, ಆಮೇಲೆ ಗಡ್ಡೆ ಎಲ್ಲಿದೆ ಎಂದು ಯಾರಿಗೂ ತಿಳಿಯದು. ಬಳ್ಳಿ ಪೂರ್ತಿ ಒಣಗಿದ ಮೇಲೆ, ನೆಲದಲ್ಲಿ ಇನ್ನೂ ತುಸು ಹಸಿ ಇರುವಾಗಲೇ ಹಾರೆಯಿಂದ ಸುತ್ತಲೂ ಮಣ್ಣು ಬಿಡಿಸಿ ತೆಗೆಯಿರಿ. ಬೇಸಿಗೆಗೆ ಬಿಟ್ಟರೆ ಎರಿ ಮಣ್ಣು ಕಲ್ಲಾಗುತ್ತದೆ, ಹಾರೆ ಜಾರಿ ಗಡ್ಡೆಯನ್ನೇ ಸೀಳುತ್ತದೆ. ಒಂದು ಬದುವಿನ ಗಡ್ಡೆಗಳನ್ನೆಲ್ಲ ಬರಿದು ಮಾಡಬೇಡಿ. ಅರ್ಧ ಅಲ್ಲೇ ಇರಲಿ.

ಇಲ್ಲೊಂದು ಗೊಂದಲ ಬಿಡಿಸಬೇಕು. ಸಂತೆಯಲ್ಲಿ ಇದರ ಪಕ್ಕದಲ್ಲೇ ಮುಳ್ಳುಮುಳ್ಳಾದ, ಮೊಟ್ಟೆಯಾಕಾರದ ಇನ್ನೊಂದು ಕಾಯಿ ಇರುತ್ತದೆ. ಮರಾಠಿಯಲ್ಲಿ ಕರಟೋಲಿ, ನಮ್ಮಲ್ಲಿ ಮಡಹಾಗಲ. ಅದಕ್ಕೂ ಗಡ್ಡೆಯಿದೆ, ಅದೂ ಮಳೆಗಾಲದ್ದೇ. ಆದರೆ ಮಡಹಾಗಲದಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹತ್ತು ಹೆಣ್ಣಿಗೆ ಒಂದಾದರೂ ಗಂಡು ಬಳ್ಳಿ ಇರದಿದ್ದರೆ ಹೂ ಬಂದೀತೇ ಹೊರತು ಕಾಯಿ ನಿಲ್ಲದು. ಅಂಗಳದಲ್ಲಿ ಒಂದೇ ಮಡಹಾಗಲ ಹಚ್ಚಿ, ಹೂ ಉದುರುವುದನ್ನು ನೋಡಿ ಯಾರದೋ ಕಣ್ಣು ಬಿತ್ತೆಂದು ನಿಂಬೆಹಣ್ಣು ಕಟ್ಟುವವರಿದ್ದಾರೆ. ಕರ್ಚಿಕಾಯಿಗೆ ಆ ತಾಪತ್ರಯವಿಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂ ಗೊಂಚಲಾಗಿಯೂ ಹೆಣ್ಣು ಹೂ ಒಂಟಿಯಾಗಿಯೂ ಬರುತ್ತವೆ. ಸಣ್ಣ ಹಿತ್ತಿಲಿಗೆ ಮಡಹಾಗಲಕ್ಕಿಂತ ಇದನ್ನೇ ಮೊದಲು ಹಚ್ಚಿ ಎನ್ನಲು ನನಗೆ ಇಷ್ಟೇ ಕಾರಣ ಸಾಕು.

ಜಾಗ ಆರಿಸುವಾಗ ಎರಡು ನೋಡಿ. ದಿನದ ಹೆಚ್ಚು ಹೊತ್ತು ಬಿಸಿಲು ಬೀಳಬೇಕು, ನೀರು ನಿಲ್ಲಬಾರದು. ಎರಿ ಮಣ್ಣು ಇದರ ತವರು ನಿಜ, ಆದರೆ ಬದುವಿನ ಎರಿ ಬೇರೆ, ಬಚ್ಚಲ ಪಕ್ಕದ ತಗ್ಗಿನ ಎರಿ ಬೇರೆ. ತಗ್ಗಿನಲ್ಲಿ ವಾರಗಟ್ಟಲೆ ಹಸಿ ಕೂತರೆ ಗಡ್ಡೆ ಕೊಳೆಯುತ್ತದೆ. ಮೇ ತಿಂಗಳಲ್ಲಿ ಒಂದಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ತೆಗೆದ ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿ, ನೆಲಮಟ್ಟದಿಂದ ಗೇಣೆತ್ತರ ದಿಬ್ಬ ಮಾಡಿ. ಗುಂಡಿಯಿಂದ ಗುಂಡಿಗೆ ಎರಡೂವರೆ ಮೂರು ಅಡಿ ಬಿಡಿ. ಮನೆ ಬಳಕೆಗೆ ಆರೇಳು ಗುಂಡಿ ಧಾರಾಳ. ಮೃಗಶಿರಾ ಮಳೆ ಬಿದ್ದು ಮಣ್ಣು ನೆಂದ ಮೇಲೆ, ಕಣ್ಣಿರುವ ಭಾಗ ಮೇಲಾಗುವಂತೆ ನಾಲ್ಕು ಬೆರಳು ಆಳಕ್ಕೆ ಗಡ್ಡೆ ಇಡಿ. ಮಳೆ ತಡವಾದರೆ ಅವಸರದಲ್ಲಿ ನೀರು ಹೊಯ್ದು ಎಬ್ಬಿಸಬೇಡಿ. ಗಡ್ಡೆ ಕಾಯಬಲ್ಲದು, ಚಿಗುರಿದ ಕುಡಿ ಕಾಯಲಾರದು.

ನೀರಿನ ಮಾತು ಇಷ್ಟರಲ್ಲೇ ಮುಗಿಯುತ್ತದೆ. ವಾಡಿಕೆಯ ಮಳೆಯಾದರೆ ಬೇರೆ ನೀರು ಬೇಕಿಲ್ಲ. ನಡುವೆ ಹತ್ತು ಹದಿನೈದು ದಿನ ಮಳೆ ಕೈಕೊಟ್ಟರೆ ಬುಡಕ್ಕೊಂದು ಕೊಡ ಸಾಕು. ಬೇಸಿಗೆಯಲ್ಲಂತೂ ಒಂದು ಹನಿಯೂ ಬೇಡ, ಗಡ್ಡೆ ಮಲಗಿರುವ ಕಾಲ ಅದು. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಿಸಿದ ಸೀಮೆಯಿದು. ಇಲ್ಲಿ ಕೈತೋಟವೆಂದರೆ ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡ ಎಂದೇ ಅರ್ಥ. ಬೇಸಿಗೆಯಲ್ಲಿ ಏನನ್ನೂ ಕೇಳದ ತರಕಾರಿಗಳು ಎಷ್ಟಿವೆ, ನೀವೇ ಎಣಿಸಿ ನೋಡಿ.

ಬಳ್ಳಿ ತೆಳು, ಅದರ ಸುರುಳಿ ಎಳೆಗಳೂ ತೆಳು, ಕವಲೊಡೆಯದಂಥವು. ದಪ್ಪ ಬಿದಿರು ಗಳವನ್ನು ಅವು ಹಿಡಿಯಲಾರವು. ಇದಕ್ಕೆ ಹೇಳಿ ಮಾಡಿಸಿದ ಆಸರೆ ತೊಗರಿ ಕಟ್ಟಿಗೆ. ರಾಶಿ ಮುಗಿದ ಮೇಲೆ ಒಲೆಗೆ ಹಾಕುವ ಹೊರೆಯಿಂದ ಕವಲು ಹೆಚ್ಚಿರುವ ಕಟ್ಟಿಗೆ ಆರಿಸಿ ತೆಗೆದಿಟ್ಟು, ಗುಂಡಿಯ ಸುತ್ತ ಮೂರು ನಾಲ್ಕನ್ನು ಊರಿ ಮೇಲೆ ಸೇರಿಸಿ ಕಟ್ಟಿ. ಎದೆಯೆತ್ತರ ಇದ್ದರೆ ಕಾಯಿ ಬಿಡಿಸಲು ಬಗ್ಗಬೇಕಿಲ್ಲ. ಯೂರಿಯಾ ಹಾಕುವ ಆಸೆ ಬೇಡ, ಎಲೆ ಸೊಕ್ಕಿ ಹೂ ಹಿಂದೆ ಬೀಳುತ್ತದೆ. ಹೂ ಶುರುವಾಗುವಾಗ ಇನ್ನೊಂದು ಬೊಗಸೆ ಗೊಬ್ಬರ ಕೊಟ್ಟು ಮಣ್ಣೇರಿಸಿದರೆ ಆಯಿತು. ಕಳೆ ತೆಗೆಯುವಾಗ ಬುಡದ ಹತ್ತಿರ ಕುರ್ಪಿ ಬೇಡ, ಕೈಯಿಂದಲೇ ಕೀಳಿ.

ಹಾಗಲಕ್ಕೆ ಬರುವ ಕಾಟವೆಲ್ಲ ಇದಕ್ಕೂ ಬರಬಹುದು. ಹಣ್ಣುನೊಣ ಚುಚ್ಚಿದ ಕಾಯಿ ಸೊಟ್ಟಗಾಗಿ ಮೆತ್ತಗಾಗುತ್ತದೆ. ಅಂಥದ್ದನ್ನು ತಿಪ್ಪೆಗೆ ಎಸೆದರೆ ಹುಳು ಅಲ್ಲೇ ಬೆಳೆದು ಮತ್ತೆ ನೊಣವಾಗಿ ಬರುತ್ತದೆ, ಮೊಣಕಾಲುದ್ದ ಗುಂಡಿಯಲ್ಲಿ ಹೂಳಬೇಕು. ಎಲೆ ತಿನ್ನುವ ಕೆಂಪು ದುಂಬಿಯನ್ನು ಬೆಳಗಿನ ತಂಪಿನಲ್ಲಿ, ಅದಿನ್ನೂ ಮಂಕಾಗಿರುವಾಗ, ಕೈಯಿಂದ ಹಿಡಿಯುವುದು ಸುಲಭ. ಉಳಿದದ್ದಕ್ಕೆ ಶೇಕಡಾ 5ರ ಬೇವಿನ ಬೀಜದ ಕಷಾಯ ಸಾಕು. ಎಲೆಯ ಮೇಲೆ ಬೂದಿ ರೋಗ ಕಂಡರೆ ಗಂಧಕದ ಪುಡಿ ಎರಚಬೇಡಿ, ಕುಂಬಳ, ಹಾಗಲದ ಜಾತಿಯ ಹಲವು ಬಳ್ಳಿಗಳ ಎಲೆ ಬಿಸಿಲಲ್ಲಿ ಗಂಧಕಕ್ಕೆ ಸುಡುತ್ತವೆ. ರೋಗ ಹತ್ತಿದ ಎಲೆ ಕಿತ್ತು, ಗಾಳಿಯಾಡುವಂತೆ ಬಳ್ಳಿ ಬಿಡಿಸಿಕೊಡಿ.

ಕಾಯಿ ಎಳೆಯದಾಗಿರುವಾಗಲೇ ಕೀಳಬೇಕು, ಎರಡು ಮೂರು ದಿನಕ್ಕೊಮ್ಮೆ. ಬಲಿತರೆ ಬೀಜ ಹಲ್ಲಿಗೆ ಸಿಗುತ್ತದೆ. ಕಿತ್ತ ಕಾಯಿಯನ್ನು ನೀರಿನಲ್ಲಿ ನೆನೆಹಾಕಬಾರದು, ಸಿಡಿದು ಬಿರಿಯುತ್ತವೆ. ಮಕ್ಕಳಿಗೆ ಅದೊಂದು ಆಟ, ಅಡುಗೆಯವರಿಗೆ ನಷ್ಟ. ಬೇಗ ತೊಳೆದು, ತೊಟ್ಟು ಮುರಿದು, ಇಡಿಯಾಗಿ ಎಣ್ಣೆಯಲ್ಲಿ ಹುರಿಯಿರಿ. ಬಳ್ಳೊಳ್ಳಿ, ಒಣಖಾರ, ಶೇಂಗಾ ಪುಡಿ ಹಾಕಿದರೆ ಜೋಳದ ರೊಟ್ಟಿಗೆ ಬೇರೇನೂ ಬೇಡ. ಹೆಚ್ಚಾದದ್ದನ್ನು ಉಪ್ಪು ಹಚ್ಚಿ ಬಿಸಿಲಿಗೆ ಒಣಗಿಸಿ ಸಂಡಿಗೆಯ ಜೊತೆ ಕರಿಯಬಹುದು. ಕಹಿ ಇದ್ದೇ ಇರುತ್ತದೆ. ಸುಣ್ಣದ ಅಂಶದಲ್ಲಿ ಇದು ಹಾಗಲವನ್ನೂ ಮೀರಿಸುತ್ತದೆ.

ಸಕ್ಕರೆ ಕಾಯಿಲೆಗೆ ಇದೇ ಮದ್ದು ಎಂಬ ಮಾತು ಊರೂರಲ್ಲಿ ಓಡಾಡುತ್ತಿದೆ. ಪ್ರಯೋಗಗಳು ನಡೆದಿರುವುದು ಹೆಚ್ಚಾಗಿ ಇಲಿಗಳ ಮೇಲೆ. ಪಲ್ಯವಾಗಿ ತಿನ್ನಿ, ಗುಳಿಗೆ ಬಿಡಬೇಡಿ. ಗಡ್ಡೆಯ ವಿಷಯದಲ್ಲಿ ನನ್ನ ಮಾತು ಇನ್ನೂ ಕಟುವಾಗಿದೆ: ಅದನ್ನು ಯಾರೂ ಯಾವ ಕಾರಣಕ್ಕೂ ತಿನ್ನಕೂಡದು. ಹಳ್ಳಿಗಳಲ್ಲಿ ಗರ್ಭ ಇಳಿಸಲು ಅದನ್ನು ಬಳಸುತ್ತಿದ್ದದ್ದುಂಟು, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲೂ ಅದು ಗರ್ಭ ನಿಲ್ಲದಂತೆ ಮಾಡುವುದು ಕಂಡುಬಂದಿದೆ. ಬಸುರಿಯರು ಕಾಯಿಯನ್ನೂ ದೂರವಿಡುವುದೇ ಕ್ಷೇಮ.

ಕಾರ್ತಿಕ ಕಳೆದು ಎಲೆ ಹಳದಿಯಾದಾಗ ಬಳ್ಳಿ ಸತ್ತಿತೆಂದು ಬುಡ ಅಗೆದುಬಿಡುವ ಮನೆಗಳೇ ಹೆಚ್ಚು. ಹಾಗೆ ಮಾಡದೆ ಪ್ರತಿ ಗುಂಡಿಯ ಮೇಲೊಂದು ಕಲ್ಲಿಟ್ಟು ಬಿಡಿ, ಮುಂದಿನ ಮಳೆಗೆ ಅಲ್ಲೇ ಚಿಗುರುತ್ತದೆ. ಬೀಗರಿಗೋ ನೆರೆಯವರಿಗೋ ಕೊಡಲು ಕೆಲವು ಗಡ್ಡೆ ತೆಗೆದರೆ ಮಣ್ಣು ಕೊಡವಿ, ತೊಳೆಯದೆ, ನೆರಳಲ್ಲಿ ಎರಡು ದಿನ ಆರಿಸಿ, ಒಣ ಮರಳು ತುಂಬಿದ ಮಡಕೆಯಲ್ಲಿ ಒಂದಕ್ಕೊಂದು ತಾಗದಂತೆ ಹೂತಿಡಿ. ಮಡಕೆ ಅಡುಗೆಮನೆಯಿಂದ ದೂರವಿರಲಿ, ಯಾರೂ ಗೆಣಸೆಂದು ತಿಳಿಯಬಾರದು.